ಬಸವನಹುಳುಗಳಿಗೆ ಸಮಪಾಲು

ಕಿಟಕಿ ಬಡಿದುಕೊಳ್ಳುತ್ತಿದ್ದುದೇ ಎಲ್ಲ ರಗಳೆಗೂ ಮೂಲ. ಅದನ್ನು ಸುಮ್ಮನಿರಿಸಲು ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರು ಸಂದಿಗೆ ಯಾವುದೋ ದಪ್ಪ ಕಾಗದ ಮಡಿಸಿ ತುರುಕಿದ್ದರು. ಬೆಳಿಗ್ಗೆ ಸೆಕೆ ತಾಳಲಾರದೆ ಬಸವನಹುಳು ಮೇಷ್ಟ್ರು ಕಿಟಕಿ ತೆರೆದಾಗ ಕಾಗದ ಕಾಲ ಬಳಿ ಬಿತ್ತು. ಬಿಡಿಸಿ ನೋಡಿದರೆ ಕೇಂದ್ರ ಸರ್ಕಾರದ ಸುತ್ತೋಲೆ!

ಇಷ್ಟು ವರ್ಷ ಸಂಶೋಧನೆಯ ಹಣವೆಲ್ಲ ಎರಡು ದೊಡ್ಡ ರಾಜ್ಯಗಳ ನಾಲ್ಕು ದೊಡ್ಡ ವಿಶ್ವವಿದ್ಯಾಲಯಗಳಿಗೇ ಹೋಗುತ್ತಿದೆ. ಇನ್ನು ಎಲ್ಲ ರಾಜ್ಯಗಳಿಗೂ ಸಮನಾಗಿ ಹಂಚಬೇಕು. ಈವರೆಗೆ ಏನೂ ಸಿಗದವರಿಗೆ ಮೊದಲ ಮಣೆ. ಅರ್ಜಿಗೆ ಕೊನೆಯ ದಿನಾಂಕ ಇವತ್ತು, ಸಂಜೆ ಐದು.

"ಸಾರ್, ಇದು ಬಂದು ಎಷ್ಟು ದಿನ ಆಯ್ತು?"

"ತಿಂಗಳಾಯ್ತೇನೋ. ಒಳ್ಳೇ ಕಾಗದ ಕಣ್ರೀ, ಒಂದು ಸಲಾನೂ ಜಾರ್ಲಿಲ್ಲ," ಎಂದರು ಮುಖ್ಯಸ್ಥರು.

ಮೇಷ್ಟ್ರಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ತಮ್ಮ ಪುಟ್ಟ ರಾಜ್ಯದ ಒಂದೇ ಒಂದು ಗುಡ್ಡದಲ್ಲಿ ಬದುಕುವ, ಉಗುರಿನಷ್ಟಿರುವ ಬಸವನಹುಳುವಿನ ಬೆನ್ನು ಹತ್ತಿ ಹನ್ನೊಂದು ವರ್ಷ ಕಳೆದಿದ್ದರು. ಗುಡ್ಡ ಕಲ್ಲುಗಣಿಯ ಬಾಯಿಗೆ ಬಿದ್ದಿತ್ತು. ಉಳಿದ ನಲವತ್ತು ಹುಳುಗಳು ತಂಪಿಲ್ಲದೆ ಬದುಕವು. ವಿಭಾಗದಲ್ಲಿ ತಂಪು ಪೆಟ್ಟಿಗೆ ಇಲ್ಲ. ಹಾಗಾಗಿ ಅವು ಮೇಷ್ಟ್ರ ಮನೆಯ ಫ್ರಿಜ್ಜಿನಲ್ಲಿ, ತರಕಾರಿ ಇಡುವ ಜಾಗದಲ್ಲಿ ಸಂಸಾರ ಹೂಡಿದ್ದವು. "ಈ ವಾರದೊಳಗೆ ಅವಕ್ಕೆ ಬೇರೆ ಮನೆ ನೋಡಿ, ಇಲ್ಲಾಂದ್ರೆ ನಂಗೆ ನೋಡಿ," ಎಂದು ಹೆಂಡತಿ ಹೇಳಿಯಾಗಿತ್ತು.

ಮೇಷ್ಟ್ರು ಅರ್ಜಿ ಬರೆಯಲು ಕೂತರು. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಸಹೋದ್ಯೋಗಿಗಳು ಮುತ್ತಿದರು.

"ನಿಮ್ಮ ಹುಳ ಪಾಚಿ ತಿನ್ನುತ್ತಲ್ವಾ? ನನ್ನ ಪಾಚೀನೂ ಸೇರ್ಸಿ," ಎಂದರು ಸಸ್ಯಶಾಸ್ತ್ರದ ಮೇಡಂ.

"ಚಿಪ್ಪು ಅಂದ್ರೆ ಸುಣ್ಣ. ಸುಣ್ಣ ಅಂದ್ರೆ ನಮ್ಮ ವಿಭಾಗ," ಎಂದರು ಭೂಗರ್ಭದವರು.

"ಹುಳ ಎಣಿಸೋಕೆ ನಾನು ಬೇಡ್ವೇನಯ್ಯಾ?" ಎಂದರು ಸಂಖ್ಯಾಶಾಸ್ತ್ರದ ಹಿರಿಯರು.

ಯಾರಿಗೂ ಇಲ್ಲ ಎನ್ನಲಾಗದ ಮೇಷ್ಟ್ರು ಎಲ್ಲರನ್ನೂ ಸೇರಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಬಸವನಹುಳು ತನ್ನದೇ ಅರ್ಜಿಯಲ್ಲಿ ಏಳನೇ ಪುಟಕ್ಕೆ ತೆವಳಿತ್ತು. ಮೂರು ಗಂಟೆಗೆ ಮೇಷ್ಟ್ರು ಕಣ್ಣು ಮುಚ್ಚಿ ಹುಳುವನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿದರು. ನಾಳೆಯಿಂದ ಚಹಾಕ್ಕೆ ಯಾರೂ ಕರೆಯುವುದಿಲ್ಲ ಎಂಬುದು ಖಾತ್ರಿಯಾಯಿತು.

ಇನ್ನೊಂದು ತೊಡಕಿತ್ತು. 'ನಮಗೆ ಹತ್ತು ವರ್ಷದಿಂದ ಏನೂ ಸಿಕ್ಕಿಲ್ಲ' ಎಂಬ ಪ್ರಮಾಣಪತ್ರಕ್ಕೆ ಕುಲಸಚಿವರ ಸಹಿ ಬೇಕು. ಅವರು ಕುರ್ಚಿಯಿಂದಲೇ ಎದ್ದುಬಿಟ್ಟರು.

"ಏನೂ ಸಿಕ್ಕಿಲ್ಲ ಅಂತ ಬರೆದುಕೊಡ್ಲಾ? ನಮ್ಮ ಮರ್ಯಾದೆ ಗತಿ ಏನ್ರೀ?"

"ಸಿಕ್ಕಿಲ್ವಲ್ಲ ಸಾರ್."

"ಸಿಕ್ಕಿಲ್ಲ ಅನ್ನೋದು ಬೇರೆ, ಬರೆಯೋದು ಬೇರೆ. 'ಇಲ್ಲಿಯವರೆಗೆ ನಾವಾಗಿಯೇ ತೆಗೆದುಕೊಂಡಿಲ್ಲ' ಅಂತ ಹಾಕೋಣ."

ಮೇಷ್ಟ್ರು ಕೈ ಮುಗಿದರು, ಗದರಿದರು, ಕೊನೆಗೆ ಆ ನಲವತ್ತು ಹುಳುಗಳನ್ನು ತಂದು ಕುಲಸಚಿವರ ಮೇಜಿನ ಮೇಲೆ ಬಿಡುವುದಾಗಿ ಹೇಳಿದರು. ಸಹಿ ಬಿತ್ತು. ಆಗ ನಾಲ್ಕು ಇಪ್ಪತ್ತು.

ಮೊಹರು ಗುಮಾಸ್ತರ ಬೀರುವಿನಲ್ಲಿ, ಬೀಗದ ಕೈ ಗುಮಾಸ್ತರ ಸೊಂಟದಲ್ಲಿ, ಗುಮಾಸ್ತರು ಕ್ಷೌರದಂಗಡಿಯಲ್ಲಿ. ಮೇಷ್ಟ್ರು ಓಡಿದರು. ಅರ್ಧ ಮುಖಕ್ಕೆ ನೊರೆ ಬಳಿಸಿಕೊಂಡಿದ್ದ ಗುಮಾಸ್ತರನ್ನು, ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಬೀದಿಯುದ್ದ ಎಳೆದು ತಂದರು.

"ಅಣ್ಣಾ, ಅವನು ಇನ್ನೂ ಒಂದೇ ಕೆನ್ನೆ ಮಾಡಿದ್ದಾನೆ!"

"ಇನ್ನೊಂದು ಕೆನ್ನೆ ನಾನೇ ಮಾಡ್ತೀನಿ, ಮೊದ್ಲು ಮೊಹರು ಒತ್ತಪ್ಪಾ!"

ಐದಕ್ಕೆ ಎರಡು ನಿಮಿಷ ಇರುವಾಗ ಅರ್ಜಿ ಕಂಪ್ಯೂಟರಿನಿಂದ ಹೊರಟುಹೋಯಿತು. ಮೇಷ್ಟ್ರು ನೆಲದ ಮೇಲೇ ಕೂತರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಗಿತ್ತು.

ಐದೂಕಾಲಿಗೆ ಫೋನು ಬಂತು. ಕೇಂದ್ರ ಕಚೇರಿಯ ಅಧಿಕಾರಿ.

"ಅಭಿನಂದನೆ ಸಾರ್! ನಿಮ್ಮ ರಾಜ್ಯದಿಂದ ಬಂದಿರೋದು ನಿಮ್ಮದೊಂದೇ ಅರ್ಜಿ."

"ಹಾಗಾದ್ರೆ ನಂಗೇ ಸಿಕ್ಕಿತಾ?"

"ಪೂರ್ತಿ ಕೇಳಿ. ಹಣ ಹಂಚಿದ ಹಾಗೇ, ಬೇರೆ ರಾಜ್ಯಗಳ ಅರ್ಜಿ ನೋಡೋ ಪರಿಶೀಲಕರನ್ನೂ ರಾಜ್ಯಕ್ಕೊಬ್ಬರಂತೆ ಹಂಚಬೇಕು. ನಿಮ್ಮ ರಾಜ್ಯದಲ್ಲಿ ಯಾರಿದ್ದಾರೆ ಅಂತಾನೇ ನಮಗೆ ಗೊತ್ತಿರ್ಲಿಲ್ಲ. ಈಗ ನಿಮ್ಮ ಹೆಸರು ಸಿಕ್ತು, ಹಾಕ್ಕೊಂಡ್ವಿ."

"ನನ್ನ ಅರ್ಜಿ?"

"ಪರಿಶೀಲಕರ ಅರ್ಜಿ ಪರಿಶೀಲಿಸೋ ಹಾಗಿಲ್ಲ. ತೆಗೆದುಹಾಕಿದ್ವಿ."

"ಅಯ್ಯೋ, ಪರಿಶೀಲಕನಾಗೋಕೆ ನಾನು ಒಲ್ಲೆ ಸಾರ್!"

"ಒಲ್ಲೆ ಅನ್ಬಹುದು. ಆದ್ರೆ ಪರಿಶೀಲಕರಿಲ್ಲದ ರಾಜ್ಯದ ಅರ್ಜಿಯನ್ನ ನಾವು ತೆಗೆದುಕೊಳ್ಳೋ ಹಾಗಿಲ್ಲ."

ಫೋನಿಟ್ಟ ಬೆನ್ನಿಗೇ ಮನೆಯಿಂದ ಕರೆ.

"ಏನ್ರೀ, ಸಿಕ್ತಾ?" ಎಂದಳು ಹೆಂಡತಿ.

ಮೇಷ್ಟ್ರು ಎದುರಿನ ಪರದೆಯ ಮೇಲೆ ಒಂದರ ಹಿಂದೊಂದು ಬಂದು ಬೀಳುತ್ತಿದ್ದುದನ್ನು ನೋಡುತ್ತ ಹೇಳಿದರು: "ಸಿಕ್ತು ಕಣೇ."

"ಅಬ್ಬಾ! ಎಷ್ಟು?"

"ಸದ್ಯಕ್ಕೆ ನೂರ ಎಂಬತ್ತು ಅರ್ಜಿ."