ಎರಡು ನಿಮಿಷದ ಕಾಟಾ

ಸಿದ್ದಲಿಂಗೇಶನ ಮದುವೆಗೆ ಅಡ್ಡಗಾಲು ಹಾಕಿದ್ದು ಜಾತಕ ಅಲ್ಲ, ಒಂದು ಕಂಪ್ಯೂಟರು. ಕಂಪ್ಲಿಯ ವಿರುಪಾಕ್ಷಪ್ಪನವರ ಅಕ್ಕಿ ಮಿಲ್ಲಿನ ಕಾಟಾದಲ್ಲಿ, ಅಂದರೆ ಭತ್ತದ ಟ್ರ್ಯಾಕ್ಟರುಗಳನ್ನು ತೂಗುವ ಕಟ್ಟೆಯಲ್ಲಿ, ಅವನು ಗುಮಾಸ್ತ. ಅಲ್ಲಿದ್ದ ಕಂಪ್ಯೂಟರಿಗೆ ಹದಿಮೂರು ವರ್ಷ ವಯಸ್ಸು. ಟ್ರ್ಯಾಕ್ಟರು ಕಟ್ಟೆ ಏರಿ ತೂಕದ ಚೀಟಿ ಹೊರಗೆ ಬರುವಷ್ಟರಲ್ಲಿ ಡ್ರೈವರು ಚಾ ಕುಡಿದು, ಎಲೆ ಅಡಿಕೆ ಹಾಕಿ, ಉಗುಳಿಯೂ ಬರುತ್ತಿದ್ದ. ಸುಗ್ಗಿ ಬಂತೆಂದರೆ ಸಾಲು ಕಾಲುವೆ ತನಕ. ಸಾಲು ಮುಗಿಯುವ ತನಕ ಇವನು ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಹೀಗಾಗಿ ಕಮಲಾಪುರಕ್ಕೆ ಹೆಣ್ಣು ನೋಡಲು ಹೋಗಬೇಕಾದವನು ಎರಡು ಸಲ ಹೋಗಲೇ ಇಲ್ಲ.

ವಯಸ್ಸು ಮೂವತ್ತನಾಲ್ಕು ನಡೆಯುತ್ತಿತ್ತು. ಫೋಟೋದಲ್ಲಿ ನೋಡಿದ ಆ ಹೆಣ್ಣು ಸ್ಫೂರ್ತಿ ಮನಸ್ಸಿನಲ್ಲಿ ಕೂತುಬಿಟ್ಟಿದ್ದಳು. ಸೋದರಮಾವ ಕೊಟ್ರಯ್ಯ ಹೆಣ್ಣಿನ ಅಪ್ಪ ರೇವಣಸಿದ್ದಪ್ಪನ ಕೈಕಾಲು ಹಿಡಿದು ಮೂರನೇ ಸಲ ದಿನ ಗೊತ್ತು ಮಾಡಿಸಿದ್ದ. ಸೋಮವಾರ, ಸಂಜೆ ನಾಲ್ಕು ಗಂಟೆ.

"ಈ ಸಲ ತಪ್ಪಿದ್ರ ನಮ್ಮ ಮನಿ ಹಾದೀನ ಮರೀರಿ ಅಂದಾನಲೇ. ಮತ್ತ, ನೀ ಮಿಲ್ಲಿನ ಮ್ಯಾನೇಜರ್ ಅಂತ ಹೇಳೀನಿ. ಬಾಯಿ ಬಿಡಬ್ಯಾಡ" ಅಂದ ಕೊಟ್ರಯ್ಯ.

ಸಿದ್ದಲಿಂಗೇಶ ಎರಡು ದಿನ ಮೊಬೈಲಿನಲ್ಲಿ ಕಂಪ್ಯೂಟರು ಬಿಚ್ಚಿ ಜೋಡಿಸುವ ವೀಡಿಯೋ ನೋಡಿ ನೋಡಿ ಕಣ್ಣು ಕೆಂಪು ಮಾಡಿಕೊಂಡ. ಖರ್ಚಿಗೆ ಸಾಹುಕಾರ ವಿರುಪಾಕ್ಷಪ್ಪನವರನ್ನು ಒಪ್ಪಿಸಿದ. ಭಾನುವಾರ ಹೊಸಪೇಟೆಗೆ ಹೋಗಿ ಹೊಸ ಮದರ್‌ಬೋರ್ಡು, ಪ್ರೊಸೆಸರು, ರ್‍ಯಾಮು ತಂದ. ಹೊರಗಿನ ಡಬ್ಬಿ ಮಾತ್ರ ಹಳೆಯದೇ ಇರಬೇಕೆಂದು ಸಾಹುಕಾರರ ತಾಯಿ ಮುದುಕಮ್ಮನ ಹಟ. ಹದಿಮೂರು ಆಯುಧಪೂಜೆಯ ವಿಭೂತಿ ಕಂಡ ಡಬ್ಬಿ, ಅದರಲ್ಲಿ ಲಕ್ಷ್ಮಿ ಇದ್ದಾಳೆ ಅಂತ. ಇರಲಿ ಬಿಡು, ಲಕ್ಷ್ಮಿಯೂ ಇರಲಿ, ಸ್ಪೀಡೂ ಬರಲಿ ಎಂದುಕೊಂಡ.

ಸೋಮವಾರ ಬೆಳಿಗ್ಗೆ ಏಳೂವರೆಗೆ ಸ್ಕ್ರೂ ಬಿಚ್ಚಲು ಕೂತರೆ ಮುದುಕಮ್ಮ ಬಾಗಿಲಲ್ಲಿ ಅಡ್ಡ ಕೂತಳು. ರಾಹುಕಾಲವಂತೆ, ಒಂಬತ್ತರ ತನಕ ಕೈ ಹಚ್ಚಬಾರದಂತೆ. ಅಷ್ಟರಲ್ಲಿ ಹೊರಗೆ ಎಂಟು ಟ್ರ್ಯಾಕ್ಟರು ನಿಂತವು. ಒಂಬತ್ತಕ್ಕೆ ಕೆಲಸ ಶುರುವಾದರೆ ಡ್ರೈವರುಗಳೆಲ್ಲ ಕಿಟಕಿಗೆ ಮುಖ ಒತ್ತಿ ನಿಂತರು. ಒಬ್ಬ ಗ್ರೀಸ್ ಹಾಕು ಅಂದ. ಇನ್ನೊಬ್ಬ, ಇಂಜಿನ್ ಸವೆದು ಬೋರಿಗೆ ಬಂದಾಗ ತನ್ನ ಟ್ರ್ಯಾಕ್ಟರೂ ಹಿಂಗೇ ನಿಧಾನ ಆಗಿತ್ತು ಎಂದು ದೊಡ್ಡ ಕತೆ ತೆಗೆದ. ಸಿದ್ದಲಿಂಗೇಶ ಯಾರ ಮಾತಿಗೂ ತಲೆ ಎತ್ತದೆ ಸ್ಕ್ರೂ ತಿರುಗಿಸಿದ. ಹೇಗೋ ಎಲ್ಲ ಕೂಡಿಸಿ, ಪ್ರೊಸೆಸರಿಗೆ ಹಚ್ಚುವಾಗ ಬೆರಳಿಗೆ ಅಂಟಿದ ಪೇಸ್ಟು ತೊಳೆಯಲು ನಲ್ಲಿಗೆ ಹೋದ.

ತಪ್ಪಾಗಿದ್ದು ಅಲ್ಲೇ. ತಿರುಗಿ ಬರುವಷ್ಟರಲ್ಲಿ ಮುದುಕಮ್ಮ ಪೂಜೆ ಮುಗಿಸಿದ್ದಳು. ಹೊರಗಲ್ಲ, ತೆರೆದ ಡಬ್ಬಿಯ ಒಳಗೆ. ಹೊಸ ಬೋರ್ಡಿನ ಮೇಲೆ ಮೂರು ಬೆರಳು ವಿಭೂತಿ, ರ್‍ಯಾಮಿನ ಸಂದಿಯಲ್ಲಿ ಕುಂಕುಮ, ಫ್ಯಾನಿನ ರೆಕ್ಕೆಗೆ ಚೆಂಡುಹೂವು, ಎಲ್ಲದರ ಮೇಲೆ ಒಂದೆರಡು ಹನಿ ತೆಂಗಿನ ನೀರು. ಅವನು ಓಡಿ ಬಂದು ಹೂವು ಕಿತ್ತ.

"ಅಲ್ಲಬೇ, ಒಳಗ್ಯಾಕ ಹಚ್ಚಿದಿ?"

"ಹೊಸಾ ವಸ್ತು ಕೂತಿದ್ದು ಒಳಗಲ್ಲೇನಪಾ? ಡಬ್ಬಿಗೆ ಹಚ್ಚಿದ್ರ ಒಳಗಿನ ದೇವ್ರಿಗೆ ಹೆಂಗ ಗೊತ್ತಾಗ್ತತಿ?"

ಸಾಹುಕಾರರ ತಾಯಿ, ಬಯ್ಯುವ ಹಾಗಿಲ್ಲ. ಅಳುವುದೊಂದು ಬಾಕಿ. ಹಲ್ಲುಜ್ಜುವ ಬ್ರಷ್ಷಿನಿಂದ ಕುಂಕುಮ ಕೆರೆದ, ಬಟ್ಟೆಯಿಂದ ಒರೆಸಿದ, ಬಿಸಿಲಲ್ಲಿ ಒಣಗಿಸಿದ. ಸ್ವಿಚ್ಚು ಒತ್ತಿದರೆ ಬರೀ ಕುಂಯ್ ಕುಂಯ್. ಹೊಸಪೇಟೆ ಅಂಗಡಿಯ ಕನಕರಾಜನಿಗೆ ಫೋನು ಹಚ್ಚಿದರೆ ರ್‍ಯಾಮು ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕು ಅಂದ. ತಿಕ್ಕಿದ. ತಿಕ್ಕುತ್ತಾ ಮನೆದೇವರನ್ನೂ ನೆನೆದ. ಹನ್ನೊಂದೂವರೆಗೆ ಪರದೆ ಬೆಳಗಿತು.

ಆಮೇಲಿನ ಒಂದು ತಾಸು ಅವನ ಜೀವನದ ಸುಖದ ತಾಸು. ಟ್ರ್ಯಾಕ್ಟರು ಕಟ್ಟೆ ಏರುವುದು, ಚೀಟಿ ಬೀಳುವುದು, ಎರಡೇ ನಿಮಿಷ. ಹನ್ನೆರಡೂವರೆಗೆ ಸಾಲೇ ಇಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಕೊಡೆ ಹಿಡಿಯಲಿಲ್ಲ, ಭತ್ತದ ರೈತರ ವಾಟ್ಸಾಪ್ ಗ್ರೂಪಿಗೆ ಮೆಸೇಜು ಹಾಕಿದ: ವಿರುಪಾಕ್ಷಪ್ಪನವರ ಕಾಟಾ, ಎರಡೇ ನಿಮಿಷದಾಗ ತೂಕ, ಜಲ್ದಿ ಬರ್ರಿ.

ಬಂದರು. ಬೇರೆ ಮಿಲ್ಲುಗಳ ಮುಂದೆ ಬೆಳಗಿನಿಂದ ನಿಂತವರೆಲ್ಲ ಗಾಡಿ ತಿರುಗಿಸಿಕೊಂಡು ಬಂದರು. ನದಿಯಾಚೆಯಿಂದ ಬಂದರು, ಕಮಲಾಪುರದ ಕಡೆಯಿಂದ ಬಂದರು. ಎರಡು ಗಂಟೆಗೆ ಸಾಲು ಕಾಲುವೆ ದಾಟಿ ಬಸ್ಸಿನ ರಸ್ತೆಗೆ ಮುಟ್ಟಿತ್ತು. ತೂಗಿದಷ್ಟೂ ಬೆಳೆಯುತ್ತಿತ್ತು. ಸಾಹುಕಾರರು ಖುಷಿಯಾಗಿ, ಸಾಲು ಮುಗಿಸಿ ಹೋಗಪಾ ಎಂದು ಹೇಳಿ ಊಟ ಮಾಡಿ ಮಲಗಿದರು. ಕೊಟ್ರಯ್ಯ ಹತ್ತು ನಿಮಿಷಕ್ಕೊಮ್ಮೆ ಫೋನು ಮಾಡುತ್ತಿದ್ದ. ಮೂರು ಗಂಟೆಗೆ ಇನ್ನೂ ನಲವತ್ತು ಟ್ರ್ಯಾಕ್ಟರು.

ಕೊನೆಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಸರ್ವರ್ ಡೌನ್ ಐತ್ರಿ ಎಂದ. ಬಾಗಿಲಿಗೆ ಒಳಗಿನಿಂದ ಕೀಲಿ ಹಾಕಿ, ಕೀಲಿಯನ್ನು ಜೇಬಿಗೆ ಇಳಿಸಿ, ಹಿಂದಿನ ಕಿಟಕಿ ಹಾರಿ ಬೈಕು ಹತ್ತಿದ. ನಲವತ್ತು ಹಾರ್ನುಗಳು ಬೆನ್ನ ಹಿಂದೆ ಬಯ್ಯುತ್ತಲೇ ಇದ್ದವು.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಕಮಲಾಪುರದ ಮನೆ ಮುಟ್ಟಿದ. ಕೊಟ್ರಯ್ಯ ಆಗಲೇ ಬಂದು ಕೂತಿದ್ದ, ಅವನ ಮುಖ ಅರಳಿತು. ಹೆಣ್ಣಿನ ತಾಯಿ ವಿರುಪಮ್ಮ ನೀರು ಕೊಟ್ಟು ಕೂಡಿಸಿದಳು. ಸ್ಫೂರ್ತಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟು, ಅವನ ಉಗುರಿನಲ್ಲಿದ್ದ ಕುಂಕುಮ ನೋಡಿ ಸಣ್ಣಗೆ ನಕ್ಕಳು. ಸಿದ್ದಲಿಂಗೇಶನಿಗೆ ಜನ್ಮ ಸಾರ್ಥಕವಾಯಿತು. ಯಜಮಾನರು ಕಾಣುವುದಿಲ್ಲವಲ್ಲ ಎಂದು ಕೇಳಿದ.

"ಈಗ ಬರ್ತಾರ್ರಿ. ಮಧ್ಯಾಹ್ನ ಮೊಬೈಲ್‌ನಾಗ ಏನೋ ಮೆಸೇಜ್ ಬಂತು, ಎರಡೇ ನಿಮಿಷದಾಗ ತೂಕ ಅಂತ. ಹುಡುಗ ಬರೋದ್ರೊಳಗ ಬರ್ತೀನಿ ಅಂತ ಭತ್ತ ಹೇರ್ಕೊಂಡು ಕಂಪ್ಲಿಗೆ ಹೋದ್ರು" ಅಂದಳು ವಿರುಪಮ್ಮ.

ಸಿದ್ದಲಿಂಗೇಶ ಬಾಯಿಗೆ ಒಯ್ದ ಉಪ್ಪಿಟ್ಟನ್ನು ತಟ್ಟೆಗೆ ಇಳಿಸಿದ. ಅಷ್ಟರಲ್ಲಿ ಯಜಮಾನರದೇ ಫೋನು ಬಂತು. ಸ್ಫೂರ್ತಿ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು. ಹುಡುಗ ಸರಿ ಟೈಮಿಗೆ ಬಂದಾನೆ ಎಂದು ತಾಯಿ ಹೇಳಿದಳು.

"ಶಾಣ್ಯಾ ಅದಾನ" ಎಂದಿತು ರೇವಣಸಿದ್ದಪ್ಪನ ದನಿ. "ಇಲ್ಲಿ ಕಾಟಾದ ಗುಮಾಸ್ತ ಒಬ್ಬಾವ ಕೀಲಿ ತಗೊಂಡು ಕಿಟಕಿ ಹಾರಿ ಓಡಿ ಹೋಗ್ಯಾನ. ಹಿಂದ ಮುಂದ ಗಾಡಿ, ಅಲ್ಲಾಡಂಗಿಲ್ಲ. ಅವನ ಮಾರಿ ನೋಡಿ ಎರಡು ಏಟು ಬಿಟ್ಟು ತೂಕ ಮಾಡಿಸ್ಕೊಂಡ ಬರ್ತೀನಿ. ನಾ ಬರೂತನಕ ಹುಡುಗನ್ನ ಏಳಾಕ ಬಿಡಬ್ಯಾಡ."

ಕೊಟ್ರಯ್ಯ ಅಳಿಯನ ಮುಖ ನೋಡಿದ. ಅಳಿಯ ಜೇಬಿನೊಳಗೆ ಕೈ ಹಾಕಿ ಕೀಲಿಯನ್ನು ಮುಟ್ಟಿ ನೋಡಿದ. ಅವನು ಎದ್ದು ಹೋಗಿ ಕಾಟಾ ತೆರೆಯದೆ ಹೆಣ್ಣಿನ ಅಪ್ಪ ಬರುವುದಿಲ್ಲ, ಹೆಣ್ಣಿನ ಅಪ್ಪ ಬಾರದೆ ಅವನು ಏಳುವ ಹಾಗಿಲ್ಲ.

"ಅರಾಮ ಕುಂದ್ರಿ" ಎನ್ನುತ್ತಾ ವಿರುಪಮ್ಮ ತಟ್ಟೆಗೆ ಇನ್ನೊಂದಿಷ್ಟು ಉಪ್ಪಿಟ್ಟು ಹಾಕಿದಳು.