ಜೀಪಿನ ನಡುಕಕ್ಕೆ ಗೊಂಬೆಗಳ ಸಾಕ್ಷಿ

ನನ್ನ ಹಳೆಯ ಫೋರ್ ವೀಲ್ ಡ್ರೈವ್ ಜೀಪು ಬ್ರೇಕ್ ಹಾಕಿದಾಗ ಏಕೆ ನಡುಗುತ್ತದೆ ಎಂಬುದನ್ನು ಯಾರ ಸಹಾಯವೂ ಇಲ್ಲದೆ ಒಂದೇ ಭಾನುವಾರದಲ್ಲಿ ಪತ್ತೆ ಹಚ್ಚುತ್ತೇನೆ ಎಂದು ನಾನು ಮನೆಯಲ್ಲಿ ಘೋಷಿಸಿದೆ. ಅದು ಬೆಟ್ಟ ಹತ್ತಲೆಂದೇ ಹುಟ್ಟಿದ ಗಾಡಿ. ಜಯನಗರದಲ್ಲಿ ಅದಕ್ಕೆ ಹತ್ತಲು ಸಿಗುವುದು ರೋಡ್ ಹಂಪು ಮಾತ್ರ. ಆದರೂ ಅದೆಂದರೆ ನನಗೆ ಪ್ರಾಣ.

ಅವಸರಕ್ಕೆ ಕಾರಣ ನವರಾತ್ರಿ. ಯಲಚೇನಹಳ್ಳಿಯಲ್ಲಿರುವ ನನ್ನ ಅತ್ತೆಗೆ ಮಂಡಿನೋವು. ಇನ್ನು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವುದು ತನ್ನಿಂದಾಗದು ಎಂದು ಆ ಭಾಗ್ಯವನ್ನು ಈ ವರ್ಷದಿಂದ ಮಗಳಿಗೆ, ಅಂದರೆ ನನ್ನ ಹೆಂಡತಿ ಸುಧಾಳಿಗೆ, ಒಪ್ಪಿಸಿದ್ದರು. ಎಲ್ಲವೂ ಅತ್ತೆಯ ಅಜ್ಜಿಯ ಕಾಲದ ಮಣ್ಣಿನ ಗೊಂಬೆಗಳು. ಅವನ್ನು ನಮ್ಮ ಮನೆಗೆ ತರಬೇಕು. ಆನೆಯಂಥ ಜೀಪು ಬಾಗಿಲಲ್ಲಿರುವಾಗ ಗೊಂಬೆ ತರಲು ಆಟೋ ಹಿಡಿದರೆ ನನ್ನ ಮಾನ ಏನಾಗಬೇಕು!

“ರೀ, ನೀವು ಬ್ರೇಕ್ ಹಾಕಿದ್ರೆ ನನ್ನ ಹಲ್ಲೇ ಕಟಕಟ ಅನ್ನತ್ತೆ. ಇನ್ನು ಮಣ್ಣಿನ ಗೊಂಬೆ ಉಳಿಯತ್ತಾ? ನಡುಕ ನಿಂತ್ರೆ ಜೀಪು, ಇಲ್ದಿದ್ರೆ ಆಟೋ,” ಎಂದಳು ಸುಧಾ. ಅಷ್ಟಕ್ಕೇ ಬಿಡದೆ ಮೊದಲ ಪೆಟ್ಟಿಗೆಯನ್ನು ಆಟೋದಲ್ಲಿ ತಂದೂಬಿಟ್ಟಳು.

ನಾನು ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿದೆ. ಸ್ಟೀರಿಂಗ್ ನಡುಗಿದರೆ ದೋಷ ಮುಂದಿನ ಬ್ರೇಕಿನಲ್ಲಿ, ಸೀಟು ನಡುಗಿದರೆ ಹಿಂದಿನದರಲ್ಲಿ. ಇಷ್ಟೇ! ಇಂಥ ಸುಲಭದ ಕೆಲಸಕ್ಕೆ ಜನ ಗ್ಯಾರೇಜಿಗೆ ಹೋಗುತ್ತಾರಲ್ಲ ಎಂದು ಕನಿಕರವಾಯಿತು. ಆದರೆ ನನ್ನ ಜೀಪಿನಲ್ಲಿ ಸ್ಟೀರಿಂಗು, ಸೀಟು, ಕನ್ನಡಿ, ನನ್ನ ಕೆನ್ನೆ ಎಲ್ಲವೂ ಒಟ್ಟಿಗೇ ನಡುಗುತ್ತಿದ್ದವು. ಹಾಗಾಗಿ ಪಕ್ಕದ ಮನೆಯ ಗುರುಸಿದ್ದಪ್ಪನವರನ್ನು ಕರೆದು ಹಿಂದಿನ ಸೀಟಿನಲ್ಲಿ ಕೂರಿಸಿ ಒಂದು ಸುತ್ತು ಹೊಡೆದೆ. ನಡುಕ ಇರುವುದು ಮುಂದೆ ಎಂದರು. ಮುಂದೆ ಕೂರಿಸಿದೆ. ಹಿಂದೆ ಎಂದರು. ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು ಅವರು. ತಾವು ಕೂತ ಜಾಗದಲ್ಲಿ ತಪ್ಪಿದೆ ಎಂದು ಸರ್ವೀಸಿನಲ್ಲಿ ಒಮ್ಮೆಯೂ ಒಪ್ಪಿಕೊಂಡವರಲ್ಲ.

ಆಗ ಹೊಳೆಯಿತು ನೋಡಿ! ನನಗೆ ಬೇಕಾಗಿದ್ದುದು ಪಕ್ಷಪಾತವಿಲ್ಲದ ಸಾಕ್ಷಿ. ಸುಧಾ ತಂದ ಪೆಟ್ಟಿಗೆಯಲ್ಲಿ ತಲೆಯಾಡಿಸುವ ತಂಜಾವೂರಿನ ತಾತ ಮತ್ತು ಅಜ್ಜಿ ಗೊಂಬೆಗಳಿದ್ದವು. ಸ್ವಲ್ಪ ಅಲ್ಲಾಡಿದರೂ ಸಾಕು, ತಲೆಯಾಡಿಸುತ್ತವೆ. ಅಜ್ಜಿಯನ್ನು ಮುಂದೆ, ತಾತನನ್ನು ಹಿಂದೆ ಕೂರಿಸಿದರೆ ಯಾರ ತಲೆ ಜೋರಾಗಿ ಆಡುತ್ತದೋ ಆ ಕಡೆಯ ಚಕ್ರ ಕಳ್ಳ! ವಿಜ್ಞಾನ ಮತ್ತು ಸಂಪ್ರದಾಯ ಕೈಕುಲುಕಿದ ಆ ಗಳಿಗೆಯಲ್ಲಿ ನನಗೆ ರೋಮಾಂಚನವಾಯಿತು. ಭಾನುವಾರ ಬೆಳಿಗ್ಗೆ ಸುಧಾ ತರಕಾರಿಗೆ ಹೋದದ್ದೇ ತಡ, ಅಜ್ಜಿಯನ್ನು ಡ್ಯಾಶ್‌ಬೋರ್ಡಿಗೆ ಟೇಪ್ ಹಾಕಿ ಅಂಟಿಸಿದೆ. ತಾತನನ್ನು ಗುರುಸಿದ್ದಪ್ಪನವರ ತೊಡೆಯ ಮೇಲೆ ಕೂರಿಸಿದೆ.

ಮೊದಲ ತೊಡಕು ಎದುರಾದದ್ದು ನಮ್ಮ ರಸ್ತೆಯಿಂದಲೇ. ಬ್ರೇಕ್ ಮುಟ್ಟುವ ಮೊದಲೇ ಅಜ್ಜಿ ಹೊಂಡಕ್ಕೊಂದು ಸಲ, ಹಂಪಿಗೊಂದು ಸಲ ಹೌದು ಹೌದು ಎನ್ನುತ್ತಿದ್ದಳು. ಜೆ.ಪಿ. ನಗರದಲ್ಲಿ ಹೊಸದಾಗಿ ಟಾರು ಹಾಕಿ, ಇನ್ನೂ ಯಾರೂ ಅಗೆಯದ ಒಂದು ರಸ್ತೆ ಹುಡುಕಿ ವೇಗವಾಗಿ ಹೋಗಿ ಬ್ರೇಕ್ ಒತ್ತಿದೆ. ಅಜ್ಜಿ ತಲೆಯಾಡಿಸಿದಳು. ತಿರುಗಿ ನೋಡಿದರೆ ತಾತ ಅವಳಿಗಿಂತ ಜೋರಾಗಿ, ದೇವರು ಬಂದವನಂತೆ ಆಡುತ್ತಿದ್ದ! ಸಿಕ್ಕಿತು, ದೋಷ ಹಿಂದಿನ ಚಕ್ರದಲ್ಲಿ ಎಂದು ನಾನು ಕುಣಿದಾಡಿದೆ.

ಗುರುಸಿದ್ದಪ್ಪನವರು ಮೆಲ್ಲಗೆ, “ಸಾರ್, ನಡುಗ್ತಿರೋದು ಚಕ್ರ ಅಲ್ಲ. ನಾನು,” ಎಂದರು.

ಪರೀಕ್ಷೆಯನ್ನು ಮತ್ತೆ ಮಾಡುವ ಹುಮ್ಮಸ್ಸಿನಲ್ಲಿ ಸಾರಕ್ಕಿ ಸಿಗ್ನಲ್ ಕಡೆ ಹೊರಟೆ. ಕೆಂಪು ದೀಪ ಬಿತ್ತು. ಬ್ರೇಕ್ ಒತ್ತಿದೆ. ಜೀಪು ಗಡಗಡ ನಡುಗುತ್ತಾ ಒಂದು ಆಟೋದ ಪಕ್ಕದಲ್ಲಿ ನಿಂತಿತು. ಆಟೋದಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ನನ್ನ ಅತ್ತೆ ಕೂತಿದ್ದರು! ಅಳಿಯನ ಜೀಪನ್ನು ನಂಬದೆ ಉಳಿದ ಗೊಂಬೆಗಳನ್ನೆಲ್ಲ ತಾವೇ ಹೊತ್ತು ನಮ್ಮ ಮನೆಗೆ ಹೊರಟಿದ್ದರು. ಅವರ ಕಣ್ಣು ಮೊದಲು ಟೇಪ್ ಸುತ್ತಿಸಿಕೊಂಡ ಅಜ್ಜಿಯ ಮೇಲೆ, ಆಮೇಲೆ ಅಪರಿಚಿತ ಗಂಡಸಿನ ತೊಡೆಯ ಮೇಲೆ ಕೂತ ತಾತನ ಮೇಲೆ ಬಿತ್ತು. ಗೊಂಬೆಗಳೆರಡೂ ಅವರನ್ನು ನೋಡಿ ತಲೆಯಾಡಿಸಿದವು. ಅತ್ತೆಯೂ ತಲೆಯಾಡಿಸಿದರು, ಅಡ್ಡಡ್ಡ. ಆ ಸಿಗ್ನಲ್ ಅಷ್ಟು ದೀರ್ಘವಾದದ್ದೆಂದು ನನಗೆ ಅಂದೇ ಗೊತ್ತಾಗಿದ್ದು. ನಿಜವಾಗಿ ಹೆದರಿದೆ.

ಮನೆಗೆ ಬಂದಾಗ ತಾಯಿ ಮಗಳು ಗೇಟಿನಲ್ಲೇ ನಿಂತಿದ್ದರು. ಸುಧಾ ಟೇಪ್ ಬಿಡಿಸಿ ಗೊಂಬೆಗಳನ್ನು ಒಳಗೆ ಒಯ್ದಳು. ಪುಣ್ಯಕ್ಕೆ ಎರಡಕ್ಕೂ ಏನೂ ಆಗಿರಲಿಲ್ಲ. ಗುರುಸಿದ್ದಪ್ಪನವರು ಪೂಜೆಗೆ ಹೊತ್ತಾಯಿತೆಂದು ಮಾಯವಾದರು. ಮುಖ ಮುಚ್ಚಿಕೊಳ್ಳಲು ನನಗೆ ಬೇರೆ ದಾರಿ ಕಾಣದೆ ಪೈಪ್ ಹಿಡಿದು ಜೀಪು ತೊಳೆಯಲು ನಿಂತೆ. ಎಲ್ಲಿಂದ ಬಂದರೂ ಮೊದಲು ಅದರ ಚಕ್ರಗಳಿಗೆ ತಣ್ಣೀರಿನ ಅಭಿಷೇಕ, ಆಮೇಲೆ ನನಗೆ ಕಾಫಿ. ಅದು ನನ್ನ ನಿತ್ಯವಿಧಿ. ಮುಂದಿನ ಚಕ್ರದಿಂದ ಚುಂಯ್ ಎಂದು ಹಬೆ ಎದ್ದಿತು.

ಅತ್ತೆ ಅದನ್ನು ನೋಡುತ್ತಾ ನಿಂತರು. “ದಿನಾ ಹೀಗೇ ಮಾಡ್ತೀರಾ ಅಳಿಯಂದ್ರೇ? ಕಾದ ಕಾವಲಿ ಮೇಲೆ ತಣ್ಣೀರು ಸುರಿದ್ರೆ ಅದು ಸೊಟ್ಟಗಾಗಲ್ವೇ? ಆಮೇಲೆ ದೋಸೆ ಸಮ ಬರಲ್ಲ.”

ಕಾವಲಿಗೂ ಜೀಪಿಗೂ ಏನು ಸಂಬಂಧ ಎಂದು ನಾನು ನಕ್ಕೆ. ಮಾರನೇ ದಿನ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿ ನೋಡಿದಾಗ ನಗು ನಿಂತಿತು. ಮುಂದಿನ ಎರಡೂ ಬ್ರೇಕ್ ಡಿಸ್ಕುಗಳು, ಅಂದರೆ ಚಕ್ರದೊಳಗಿನ ಕಬ್ಬಿಣದ ತಟ್ಟೆಗಳು, ಕಾವಲಿಯಂತೆಯೇ ಸೊಟ್ಟಗಾಗಿದ್ದವು. ಪಾಪ, ಮುಂದೆ ಕೂತ ಅಜ್ಜಿ ಗೊಂಬೆ ನಿಜವನ್ನೇ ಹೇಳಿದ್ದಳು! ನಾನು ಪ್ರೀತಿ ಮಾಡಿಯೇ ಆ ಗಾಡಿಗೆ ನಡುಕ ತರಿಸಿದ್ದೆ.

ಹೊಸ ಡಿಸ್ಕು ಹಾಕಿಸಿದೆ. ಆಹಾ, ಈಗ ಬ್ರೇಕ್ ಒತ್ತಿದರೆ ಬೆಣ್ಣೆ! ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದು, ಇನ್ನು ಯಾವ ಗೊಂಬೆ ತರಬೇಕು ಹೇಳಿ ಎಂದು ಎದೆಯುಬ್ಬಿಸಿ ನಿಂತೆ. ಗೊಂಬೆಗಳೆಲ್ಲ ಆಗಲೇ ಮೆಟ್ಟಿಲ ಮೇಲೆ ಕೂತಿದ್ದವು. ಉಳಿದಿದ್ದುದು ಖಾಲಿ ಪೆಟ್ಟಿಗೆಗಳು. ಅವನ್ನು ಯಲಚೇನಹಳ್ಳಿಗೆ ವಾಪಸು ತಲುಪಿಸುವ ಗೌರವ ನನ್ನ ಜೀಪಿಗೆ ದೊರೆಯಿತು.

ಹೊರಡುವಾಗ, ಆಗಲೇ ತಮ್ಮ ಮನೆಗೆ ಮರಳಿದ್ದ ಅತ್ತೆ ಫೋನ್ ಮಾಡಿ ಹೇಳಿದರು: “ಸ್ವಲ್ಪ ನಿಧಾನಕ್ಕೆ ಬನ್ನಿ. ರಟ್ಟು ಹಳೇದು.”