ಖಾರಕ್ಕಾಗಿ ಇಪ್ಪತ್ತೊಂದು ಕಿಲೋಮೀಟರ್

ನಮ್ಮ ಕಡೆ ವಯಸ್ಸಾದ ಮನುಷ್ಯ ಓಡಿದರೆ ಎರಡೇ ಕಾರಣ: ಹಿಂದೆ ನಾಯಿ ಬಿದ್ದಿರಬೇಕು, ಇಲ್ಲವೇ ಮುಂದೆ ಬಸ್ಸು ಬಿಟ್ಟಿರಬೇಕು. ಈ ಎರಡೂ ಇಲ್ಲದೆ ಸುಮ್ಮಸುಮ್ಮನೆ ಓಡುವವನಿಗೆ ದಾರಿಯುದ್ದಕ್ಕೂ ಒಂದಿಲ್ಲೊಂದು ಫಜೀತಿ ತಪ್ಪಿದ್ದಲ್ಲ. ನಾನು ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಇಪ್ಪತ್ತು ವರ್ಷ ಸೀಟಿ ಊದಿ ಹುಡುಗರನ್ನು ಓಡಿಸಿದೆ. ನಾನು ಮಾತ್ರ ಬೇವಿನ ಗಿಡದ ನೆರಳು ಬಿಟ್ಟು ಕದಲಿದವನಲ್ಲ. ಆ ಪಾಪ ಸುಮ್ಮನೆ ಬಿಡುತ್ತದೆಯೇ?

ಕರಾರು

ನಮ್ಮ ಓಣಿಯ ಸಾಹುಕಾರರದು ಮೆಣಸಿನಕಾಯಿ ದಲಾಲಿ ಅಂಗಡಿ. ವಯಸ್ಸು ಐವತ್ತೈದು. ಹೆದ್ದಾರಿ ನಾಲ್ಕು ಪಥ ಆಗುತ್ತಿದ್ದ ಕಾಲ ಅದು. ಅವರಿಗೆ ಎದೆನೋವು ಬಂದು, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿ ಬಂದರು. ಡಾಕ್ಟರು ಹೇಳಿದ್ದು ನಾಲ್ಕು ಮಾತು. ಅವರ ಹೆಂಡತಿ, ನಾವೆಲ್ಲ ಅಕ್ಕಾರು ಎಂದು ಕರೆಯುವವರು, ಅದಕ್ಕೆ ಹದಿನಾಲ್ಕು ಸೇರಿಸಿದರು. ಅಂಗಡಿ ಕಡೆ ತಲೆ ಹಾಕುವಂತಿಲ್ಲ, ಮಗ ನೋಡಿಕೊಳ್ಳುತ್ತಾನೆ. ಊಟದಲ್ಲಿ ಖಾರ ಬಂದ್. ಮೆಣಸಿನಕಾಯಿ ಮಾರಿ ಮನೆ ಕಟ್ಟಿದ ಮನುಷ್ಯನ ತಾಟಿನಲ್ಲಿ ಬಿಳೀ ಪಲ್ಯ! ನೀರಿನ ಕೊಡ ಎತ್ತಲು ಹೋದರೆ ಸೊಸೆ ಓಡಿಬಂದು ಕಸಿದುಕೊಳ್ಳುತ್ತಿದ್ದಳು.

"ಮಾಸ್ತರ, ಸತ್ತಿದ್ರ ಒಮ್ಮೆ ಸಾಯತಿದ್ದೆ. ಇದು ದಿನಾ ಮೂರು ಹೊತ್ತಿಂದು" ಎಂದು ನನ್ನೆದುರು ಕಣ್ಣೀರು ತೆಗೆದರು. ಪೇಟೆಯಲ್ಲಿ ಗದ್ದಲ ಮಾಡುತ್ತಿದ್ದ ದನಿ ಹಾಗೆ ಸಣ್ಣದಾದದ್ದು ಕೇಳಿ ನನಗೂ ಸಂಕಟವಾಯಿತು.

ಡಾಕ್ಟರು ಮೊದಲು ನಡೆಯಿರಿ ಎಂದಿದ್ದರು, ನಾಲ್ಕು ತಿಂಗಳ ಮೇಲೆ ಮೆಲ್ಲಗೆ ಓಡಬಹುದು ಎಂದರು. ಅಷ್ಟರಲ್ಲಿ ಪೇಪರಿನಲ್ಲಿ ಒಂದು ಜಾಹೀರಾತು ಬಂತು. ನಮ್ಮಿಂದ ಮೂರು ತಾಸಿನ ದಾರಿಯ ಒಂದು ಊರಿನಲ್ಲಿ ಮ್ಯಾರಥಾನ್. ಊರಿನ ಹೆಸರು ಹೇಳಿದರೆ ಸಾಹುಕಾರರ ಬೀಗರ ಗುರುತು ಸಿಕ್ಕುಬಿಡುತ್ತದೆ, ಆದ್ದರಿಂದ ಬೇಡ. ತುಂಬ ಏರಿಳಿವಿನ ಊರು. ಪೂರ್ತಿ ಓಡಲಾರದವರಿಗೆ ಅರ್ಧ, ಅಂದರೆ ಇಪ್ಪತ್ತೊಂದು ಕಿಲೋಮೀಟರು. ಮೂರೂವರೆ ತಾಸಿನೊಳಗೆ ಮುಗಿಸಿದವರಿಗೆ ಪದಕ. ಸಾಹುಕಾರರು ಅದನ್ನು ಗಟ್ಟಿಯಾಗಿ ಓದಿದರು. ಅಕ್ಕಾರು ಅಕ್ಕಿ ಆರಿಸುತ್ತ, ಆಗದ ಹೋಗದ ಮಾತೆಂದು ತಲೆ ಎತ್ತದೆ ಅಂದರು: "ಓಡಿ ಪದಕ ತಗೊಂಡು ಬರ್ರಿ. ಅವತ್ತ ಖಾರನೂ ಕೊಡ್ತೀನಿ, ಅಂಗಡಿ ಕೀಲಿಕೈನೂ ಕೊಡ್ತೀನಿ."

ದಲಾಲಿ ಮನುಷ್ಯನಿಗೆ ಬಾಯಿಮಾತೇ ಕಾಗದಪತ್ರ. ಸಾಹುಕಾರರು ಮರುದಿನವೇ ನನ್ನ ಬಾಗಿಲಿಗೆ ಬಂದರು. ಅಕ್ಕಾರು ಆಮೇಲೆ ಹೆದರಿ ಇನ್ನೊಂದು ಕರಾರು ಹಾಕಿದರು: "ಮಾಸ್ತರು ಜೋಡಿಗೆ ಓಡಬೇಕು. ಒಂದು ಹೆಜ್ಜಿನೂ ಬಿಟ್ಟು ಹೋಗಬಾರದು."

ಇಬ್ಬರೂ ಡಾಕ್ಟರ ಒಪ್ಪಿಗೆ ಕೇಳಲು ಹೋದೆವು. ಅವರು ಸಾಹುಕಾರರನ್ನು ಎಲ್ಲ ತಪಾಸಣೆ ಮಾಡಿ, "ಸಾವಕಾಶ ಓಡ್ರಿ, ಏನೂ ತೊಂದ್ರಿ ಇಲ್ಲ" ಎಂದರು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿ, "ಇವರನ್ನ ಯಾರಿಗಾರ ತೋರಿಸೀರೇನು?" ಎಂದು ಕೇಳಿದರು.

ಹತ್ರಿ, ಬಿಡ್ತೀನಿ

ತಾಲೀಮಿಗೆ ಮೋಟೆಬೆನ್ನೂರಿನ ರಸ್ತೆ ಹಿಡಿದೆವು. ರಸ್ತೆ ಒಳ್ಳೆಯದು, ತೊಂದರೆ ಏನೆಂದರೆ ಜನವೂ ಒಳ್ಳೆಯವರು. ಸಾಹುಕಾರರು ಬೆವರು ಸುರಿಸುತ್ತ ಓಡುವುದನ್ನು ಕಂಡವರಿಗೆಲ್ಲ ಒಂದೇ ಗಾಬರಿ. ಸೈಕಲ್ಲಿನವ ಇಳಿದು, "ಯಾಕ್ರಿ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?" ಎನ್ನುತ್ತಿದ್ದ. ಹಾಲಿನ ಕ್ಯಾನು ಕಟ್ಟಿದ ಮೋಟರ್ ಸೈಕಲ್ಲು ನಿಲ್ಲುತ್ತಿತ್ತು. ಒಮ್ಮೆ ಬಸ್ಸೇ ನಿಂತು, ಕಂಡಕ್ಟರು ಬಾಗಿಲು ತೆರೆದು ಕೈ ಚಾಚಿದ. ನಾವು ಬೇಡ ಎಂದರೂ ಬಸ್ಸು ಹೊರಡಲಿಲ್ಲ. ಒಳಗಿದ್ದವರೆಲ್ಲ, "ಹಿರೇರು ಅದಾರ, ಇನ್ನೊಂದೀಟು ನಿಂದ್ರಸ್ರಿ" ಎಂದು ಡ್ರೈವರನಿಗೆ ಹೇಳುತ್ತಿದ್ದರು.

ಒಂದು ಮುಂಜಾನೆ ಟ್ರ್ಯಾಕ್ಟರಿನ ರೈತನೊಬ್ಬ ನಿಲ್ಲಿಸಿದ. ಸಾಹುಕಾರರ ಅಂಗಡಿಗೇ ಮಾಲು ಹಾಕುವ ಮನುಷ್ಯ. "ನೀವು ಓಡೂದು, ನಾ ಮ್ಯಾಲ ಕುಂತು ಹೋಗೂದು, ಅದು ಆಗಂಗಿಲ್ರಿ. ಹತ್ತೂದಿಲ್ಲಂದ್ರ ನಾನೂ ಇಳದು ನಿಮ್ಮ ಜೋಡಿ ಓಡ್ತೀನಿ" ಎಂದು ಎಂಜಿನ್ ಬಂದ್ ಮಾಡಿಬಿಟ್ಟ. ಹಿಂದೆ ಎರಡು ಲಾರಿ ಹಾರ್ನು ಹೊಡೆಯತೊಡಗಿದವು. ಸಾಹುಕಾರರಿಗೆ ದಾಕ್ಷಿಣ್ಯ. ಇಬ್ಬರೂ ಹತ್ತಿದೆವು.

ಸಂಜೆ ಅಕ್ಕಾರು, ದಿನದ ಓಟದ ಟೈಮು ನಾನು ಬರೆದಿಡುತ್ತಿದ್ದ ವಹಿ ತರಿಸಿ ನೋಡಿದರು. ಮೋಟೆಬೆನ್ನೂರಿಗೆ ಅಂದು ನಾವು ಮುಟ್ಟಿದ ಟೈಮು ನಮ್ಮ ಇಡೀ ತಾಲೀಮಿನಲ್ಲೇ ದಾಖಲೆ. ಅದನ್ನು ಮತ್ತೆ ಮುರಿಯಲು ನಮ್ಮಿಂದ ಆಗಲಿಲ್ಲ.

ಯಾವ ಗಾಡಿ?

ಏರು ಹತ್ತುವ ಅಭ್ಯಾಸವೂ ಬೇಕಲ್ಲ? ಬ್ಯಾಡಗಿಯಲ್ಲಿ ಏರು ಎಂದರೆ ಮೆಣಸಿನಕಾಯಿ ರಾಶಿ ಮಾತ್ರ. ಅದರ ಪಕ್ಕ ಓಡಿ ನೋಡಿದೆವು. ಹತ್ತು ಹೆಜ್ಜೆಗೆ ಹದಿನೈದು ಸೀನು. ಕಡೆಗೆ ರಾಣೆಬೆನ್ನೂರಿನ ರೈಲು ಸ್ಟೇಶನ್ನಿನಲ್ಲಿ ಹಳಿ ದಾಟುವ ಮೆಟ್ಟಿಲು ಸೇತುವೆ ನೆನಪಾಯಿತು. ಭಾನುವಾರಗಳಂದು ಅಲ್ಲಿಗೆ ಹೋಗಿ, ಪ್ಲಾಟ್‌ಫಾರಂ ಟಿಕೀಟು ತೆಗೆದು, ಈ ಕಡೆ ಹತ್ತಿ ಆ ಕಡೆ ಇಳಿದು, ಮತ್ತೆ ಆ ಕಡೆ ಹತ್ತಿ ಈ ಕಡೆ ಇಳಿಯತೊಡಗಿದೆವು.

ಹನ್ನೊಂದನೆಯ ಸುತ್ತಿಗೆ ಇಡೀ ಸ್ಟೇಶನ್ನು ನಮ್ಮನ್ನೇ ನೋಡುತ್ತಿತ್ತು. ಬೀಜದ ಚೀಲಗಳ ಮೇಲೆ ಕುಳಿತಿದ್ದ ಹಮಾಲರು ತಮ್ಮತಮ್ಮಲ್ಲೇ, "ಪಾಪ, ಯಾವ ಕಡೆ ಗಾಡಿ ಬರ್ತೈತಂತ ತಿಳದಿಲ್ಲ ಅವರಿಗೆ" ಎಂದು ಮರುಗುತ್ತಿದ್ದರು. ಕೊನೆಗೆ ಟಿಕೀಟು ತಪಾಸಣೆಯವರು ಬಂದು ಸಾಹುಕಾರರ ತೋಳು ಹಿಡಿದು ಬೆಂಚಿನ ಮೇಲೆ ಕೂಡಿಸಿ, ತಮ್ಮ ನೀರಿನ ಬಾಟಲಿ ಕೊಟ್ಟರು.

"ಜೀವಾ ಯಾಕ ತೇಯ್ತೀರಿ ಹಿರೇರ? ನೀವು ಹೋಗೂ ಗಾಡಿ ಯಾವುದಿದ್ರೂ ಇರಲಿ, ಇವತ್ತ ಎಲ್ಲಾ ಎರಡು ತಾಸು ಲೇಟ್ ಅದಾವು!"

ಇನ್ನೊಂದು ಸುತ್ತು

ಅಕ್ಕಾರನ್ನೂ ಕರೆದುಕೊಂಡು ನಡುರಾತ್ರಿಯ ಬಸ್ಸಿಗೆ ಹೊರಟು ಸೀದಾ ಓಟದ ಜಾಗಕ್ಕೇ ಬಂದಿಳಿದೆವು. ಆರೂವರೆಗೆ ಸರಿಯಾಗಿ ಸೀಟಿ ಊದಿದರು. ಗುಂಪು ಮುಂದೆ ನುಗ್ಗಿತು. ಸಾಹುಕಾರರು ಮಾತ್ರ ಮದುವೆ ಮನೆಯ ಬಾಗಿಲಲ್ಲಿ ನಿಂತವರಂತೆ ಪಕ್ಕಕ್ಕೆ ಸರಿದು, ಎಲ್ಲರಿಗೂ ಕೈ ಮುಗಿದು, "ನೀವು ನಡೀರಿ, ನೀವು ನಡೀರಿ" ಎನ್ನುತ್ತಿದ್ದರು. ಕೊನೆಯವರನ್ನೂ ಕಳಿಸಿ ಹಿಂದೆ ನೋಡಿದರೆ ಉಳಿದವರು ನಾವಿಬ್ಬರೇ.

ಆ ಊರಿನ ಏರುಗಳ ಬಗ್ಗೆ ಹೇಳದಿರುವುದೇ ಲೇಸು. ಒಂದು ಏರು ಮುಗಿಯಿತೆಂದು ತಿರುವು ದಾಟಿದರೆ ಅದರ ಅಣ್ಣ ನಿಂತಿರುತ್ತಿತ್ತು. ಸಾಹುಕಾರರು ಮೂಗಿನಲ್ಲಿ ಉಸಿರಾಡುತ್ತ ಒಂದೇ ಸಮನೆ ಹೋಗುತ್ತಿದ್ದರು. ಹನ್ನೆರಡನೆಯ ಕಿಲೋಮೀಟರಿನ ಏರಿನಲ್ಲಿ ನಾನೇ ಸೊಂಟಕ್ಕೆ ಕೈಕೊಟ್ಟು ನಿಂತುಬಿಟ್ಟೆ. ಸಾಹುಕಾರರೂ ನಿಂತರು.

ಆಗ ಸರ್ಕಲ್ಲಿನಲ್ಲಿದ್ದ ಪೊಲೀಸಪ್ಪ ನನ್ನನ್ನೇ ದಿಟ್ಟಿಸಿ ನೋಡುತ್ತ ಬಂದ. "ಸರ್, ನೀವು ಬ್ಯಾಡಗಿ ಡ್ರಿಲ್ ಮಾಸ್ತರ ಅಲ್ರಿ? ನಾ ನಿಮ್ಮ ಶಿಷ್ಯಾ!" ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. ಸದ್ಯ, ಒಂದು ಖುರ್ಚಿಯನ್ನಾದರೂ ತರುತ್ತಾನೆಂದು ನನ್ನ ಜೀವ ಹಗುರಾಯಿತು. ಅವನು ನಮ್ಮಿಬ್ಬರಿಗೂ ಬಾಳೆಹಣ್ಣು ಕೊಟ್ಟ. ತಿಂದು ಮುಗಿಯುವವರೆಗೂ ಕೈ ಕಟ್ಟಿಕೊಂಡು ನಿಂತಿದ್ದ. ಆಮೇಲೆ ಜೇಬಿನಿಂದ ಸೀಟಿ ತೆಗೆದು, ಕಿವಿ ಕಿವುಡಾಗುವಂತೆ ಊದಿದ.

"ಓಡ್ರಿ ಸರ್! ನಿಂತ್ರ ಇನ್ನೊಂದು ಸುತ್ತು!"

ಇಪ್ಪತ್ತು ವರ್ಷ ನಾನು ಹೇಳಿದ ಮಾತೇ. ಇಷ್ಟು ಕೆಟ್ಟ ಮಾತೆಂದು ಗೊತ್ತಿರಲಿಲ್ಲ.

ಬೀಗರ ಮನೆ

ಹತ್ತೊಂಬತ್ತನೆಯ ಕಿಲೋಮೀಟರಿಗೆ ಒಂಬತ್ತೂ ಇಪ್ಪತ್ತಾಗಿತ್ತು. ಇನ್ನು ನಲವತ್ತು ನಿಮಿಷ, ಎರಡೇ ಕಿಲೋಮೀಟರು. ಓಟ ಮುಗಿಯುವ ಗೆರೆಯ ಹತ್ತಿರ ಅಕ್ಕಾರು ಮುಂಜಾನೆಯಿಂದ ನಿಂತಿದ್ದರು. "ಮಾಸ್ತರ, ಖಾರದ ವಾಸನಿ ಬರಾಕತ್ತೈತಿ" ಎಂದು ಸಾಹುಕಾರರು ನಗತೊಡಗಿದರು. ನಗುತ್ತ ತಿರುವು ದಾಟಿದೆವು. ಎದುರಿಗೆ ಅವರ ಮಗಳನ್ನು ಕೊಟ್ಟ ಮನೆ. ಬಾಗಿಲಲ್ಲಿ ಬೀಗರು, ಬೀಗಿತ್ತಿ, ಕೈಯಲ್ಲಿ ನೀರು ತುಂಬಿದ ತಂಬಿಗೆ.

ನಮ್ಮ ಕಡೆ ಬೀಗರ ಮನೆಯ ಮುಂದೆ ಹಾಯ್ದು ಒಳಗೆ ಹೋಗದಿದ್ದರೆ ಆ ಮಾತು ಮೊಮ್ಮಕ್ಕಳ ಮದುವೆಯವರೆಗೂ ಉಳಿಯುತ್ತದೆ. ಸಾಹುಕಾರರು ಓಡುತ್ತಲೇ ಕೈ ಮುಗಿದು, "ಹೊಳ್ಳಿ ಬರ್ತೀನ್ರಿ!" ಎಂದರು. ಬೀಗರು ರಸ್ತೆಯ ನಡುವೆಯೇ ಬಂದು ನಿಂತರು.

"ಮನಿ ಮುಂದ ಬಂದು ಹೊಳ್ಳಿ ಬರ್ತೀನಂದ್ರ ಹೆಂಗ್ರಿ? ನಮ್ಮಿಂದ ಏನಾರ ತಪ್ಪಾಗೈತೇನು?"

ಮುಗಿಯಿತು. ಬೂಟು ಬಿಚ್ಚಿದೆವು, ಕಾಲು ತೊಳೆದೆವು. ಬೆಲ್ಲ ನೀರು ಬಂತು, ಚಹಾ ಬಂತು. ಬೀಗರು ನಿಧಾನದ ಮನುಷ್ಯರು. ಮಳೆಯಿಂದ ಶುರು ಮಾಡಿ ಒಬ್ಬೊಬ್ಬರ ಆರೋಗ್ಯ ವಿಚಾರಿಸಿದರು. ಗೋಡೆ ಗಡಿಯಾರ ಒಂಬತ್ತೂ ಮೂವತ್ತೈದು ತೋರಿಸಿತು. ಬೀಗಿತ್ತಿ ತಾಟು ಹಾಕತೊಡಗಿದರು. ಸಾಹುಕಾರರು ನನ್ನ ಕಡೆ ನೋಡಿದ ನೋಟ ನಾನು ಇವತ್ತಿಗೂ ಮರೆತಿಲ್ಲ. ಎಂಟು ತಿಂಗಳ ಬಿಳೀ ಪಲ್ಯವೆಲ್ಲ ಆ ಮುಖದಲ್ಲಿತ್ತು.

ಜಾಣೆ ಮಗಳು. ತಾಟು ಎತ್ತಿಟ್ಟು, "ಅತ್ತಿ, ಅಪ್ಪಗ ಬುತ್ತಿ ಕಟ್ತೀನ್ರಿ. ಅಲ್ಲಿ ಅವ್ವನೂ ಉಪವಾಸ ನಿಂತಾಳ" ಎಂದಳು. ಅವ್ವ ಉಪವಾಸ ಎಂದದ್ದೇ ತಡ, ಬೀಗಿತ್ತಿ ತಾವೇ ಅಡಿಗೆಮನೆಗೆ ಓಡಿದರು. ಎರಡು ನಿಮಿಷದಲ್ಲಿ ರೊಟ್ಟಿ ಬುತ್ತಿ ತಯಾರಾಯಿತು. ಸಾಹುಕಾರರಿಗೆ ಬಗ್ಗಲು ಬರುತ್ತಿರಲಿಲ್ಲ. ಅವರ ಬೂಟಿನ ಲಾಡಿ ನಾನು ಕಟ್ಟಿದೆ, ನನ್ನದನ್ನು ಮಗಳು ಕಟ್ಟಿದಳು.

ಹೊರಟೆವು. ಆದರೆ ಬೀಗರನ್ನು ಬಾಗಿಲಿನಿಂದಲೇ ಕಳಿಸುವ ಪದ್ಧತಿ ಎಲ್ಲಿದೆ? "ತಿರುವಿನ ತನಕ ಬರ್ತೀನಿ" ಎಂದು ಬೀಗರು ಬುತ್ತಿ ಹಿಡಿದು ಹೊರಟೇಬಿಟ್ಟರು. ಧೋತರ, ಟೊಪ್ಪಿಗೆ, ರಬ್ಬರ್ ಚಪ್ಪಲಿ. ವಯಸ್ಸು ಅರವತ್ತೆರಡು. ದಿನಾ ಆ ಏರುಗಳನ್ನು ಹತ್ತಿ ಹಾಲು ತರುವವರು. ನಾವು ಏದುಸಿರು ಬಿಡುತ್ತ ಓಡುತ್ತಿದ್ದರೆ ಅವರು ಪಕ್ಕದಲ್ಲಿ ಸುಮ್ಮನೆ ನಡೆಯುತ್ತ ಮಾತಾಡುತ್ತಿದ್ದರು. ತಿರುವು ಬಂತು, ಮಾತು ಮುಗಿದಿರಲಿಲ್ಲ. ಮುಂದಿನ ತಿರುವೂ ಬಂತು. ಹೀಗೆ ಮಾತಾಡುತ್ತ ಮಾತಾಡುತ್ತ ಬೀಗರು ನಮಗಿಂತ ಒಂದು ಹೆಜ್ಜೆ ಮುಂದೆ ಗೆರೆ ದಾಟಿದರು.

ಹತ್ತಕ್ಕೆ ಎರಡೇ ನಿಮಿಷ ಇತ್ತು. ಪದಕ ಹಿಡಿದು ನಿಂತಿದ್ದ ಹುಡುಗಿಯ ಕೈಯಲ್ಲಿ ಉಳಿದದ್ದೂ ಎರಡೇ. ಮೊದಲನೆಯದನ್ನು ಬೀಗರ ಕೊರಳಿಗೆ ಹಾಕಿ, "ಅಜ್ಜಾರ, ಶಭಾಶ್!" ಎಂದಳು. ಎರಡನೆಯದನ್ನು ಸಾಹುಕಾರರಿಗೆ ಹಾಕಿದಳು. ನನ್ನನ್ನು ನೋಡಿ, "ಮುಗದಾವ್ರಿ ಸರ್" ಎಂದಳು. ಬೀಗರು ನಾಚಿ ತಮ್ಮದನ್ನು ತೆಗೆಯಹೋದರು. ಸಾಹುಕಾರರು ನನ್ನ ಕೈಯನ್ನು ಜೋರಾಗಿ ಚಿವುಟಿದರು. ಬೀಗರ ಕೊರಳಿನಿಂದ ಇಸಿದುಕೊಳ್ಳುವುದುಂಟೇ? ನಾನು ಹಲ್ಲು ಕಿರಿದು, "ಇರಲಿ, ನಿಮಗ ಒಪ್ತೈತ್ರಿ" ಎಂದೆ. ಆ ಪದಕ ಇವತ್ತಿಗೂ ಅವರ ಪಡಸಾಲೆಯಲ್ಲಿ ತೂಗುತ್ತಿದೆ.

ಅಕ್ಕಾರು ಓಡಿಬಂದರು. ಗಂಡನ ಎದೆಯ ಮೇಲಿನ ಪದಕ ಮುಟ್ಟಿದರು, ಹಾಗೆಯೇ ಎದೆಯನ್ನೂ ಮುಟ್ಟಿ ನೋಡಿದರು. ಮರದ ಕೆಳಗೆ ಕುಳಿತು ಬುತ್ತಿ ಬಿಚ್ಚಿದೆವು. ರೊಟ್ಟಿ, ಮತ್ತದೇ ಬಿಳೀ ಪಲ್ಯ. ಆಗ ಅಕ್ಕಾರು ತಮ್ಮ ಚೀಲದಿಂದ ಒಂದು ಸಣ್ಣ ಸ್ಟೀಲಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಕೆಂಪನೆಯ ಖಾರ, ಮೇಲೆ ಎಣ್ಣೆ.

"ಇದನ್ನ ಯಾವಾಗ ಅರದಿ?" ಸಾಹುಕಾರರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದರು.

"ನಿನ್ನೆ ರಾತ್ರಿ, ಮನಿ ಬಿಡೂಕಿಂತ ಮೊದಲ."

"ನಾ ಓಡಿ ಮುಗಸ್ತೀನಂತ ನಿನಗ ಹೆಂಗ ಗೊತ್ತಿತ್ತು?"

"ಮೂವತ್ತು ವರ್ಷದಾಗ ಖಾರಕ್ಕಾಗಿ ನೀವು ಏನ ಮಾಡಿಲ್ಲ?" ಎಂದು ಅಕ್ಕಾರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಬೂಟಿನ ಲಾಡಿ ನೋಡುವವನಂತೆ ಆ ಕಡೆ ತಿರುಗಿದೆ, ಸುಳ್ಳು ಯಾಕೆ ಹೇಳಲಿ.

ಸಾಹುಕಾರರು ಒಂದು ತುತ್ತು ಕಟ್ಟಿ ಬಾಯಿಗಿಟ್ಟರು. ಮರುಕ್ಷಣ ಮುಖ ಕೆಂಪಾಯಿತು. ಕೆಮ್ಮು, ಬಿಕ್ಕಳಿಕೆ, ಕಣ್ಣಲ್ಲಿ ಮೂಗಲ್ಲಿ ನೀರು. ಎದೆ ಹಿಡಿದುಕೊಂಡರು. ಅಂಬ್ಯುಲೆನ್ಸಿನವರು ಸ್ಟ್ರೆಚರ್ ಹೊತ್ತು ಓಡಿಬಂದರು. ಆ ಏರುಗಳಲ್ಲೆಲ್ಲ ಏನೂ ಆಗದ ಮನುಷ್ಯ! ಸಾಹುಕಾರರು ಅವರನ್ನು ಕೈಯಿಂದ ತಡೆದು, ಒಂದು ಬಾಟಲಿ ನೀರು ಪೂರ್ತಿ ಕುಡಿದು, ಉಸಿರು ಬಂದ ಕೂಡಲೇ ಗುಡುಗಿದರು. ಪೇಟೆಯ ಹಳೆಯ ದನಿ.

"ಇದು ನಮ್ಮ ಬ್ಯಾಡಗಿದಲ್ಲ! ನಮ್ಮದು ಬಣ್ಣ ಜಾಸ್ತಿ, ಖಾರ ಕಡಿಮಿ. ಇದು ಗುಂಟೂರಿಂದು! ಎಲ್ಲಿಂದ ತಂದಿ?"

"ನಿಮ್ಮ ಅಂಗಡಿದ ಐತ್ರಿ" ಎಂದರು ಅಕ್ಕಾರು. "ಎಂಟು ತಿಂಗಳು ಬಾಯಿ ಸಪ್ಪಗಾಗೈತಿ, ಹಂಗಾಗಿ ಖಾರ ಹತ್ತೈತಿ."

ಕೇಳುವವರು ಯಾರು? "ನಾ ಇಲ್ಲಂದ್ರ ಅಂಗಡ್ಯಾಗ ಗುಂಟೂರು ಹೊಕ್ಕೈತಿ! ಕೀಲಿಕೈ ಕೊಡು!" ಅಕ್ಕಾರು ಸೊಂಟದಿಂದ ಕೀಲಿಕೈ ಬಿಚ್ಚಿ ಕೊಟ್ಟರು. ಸಾಹುಕಾರರು ಪದಕ ಜೋತಾಡಿಸುತ್ತ ಬಸ್‌ಸ್ಟ್ಯಾಂಡಿನ ಕಡೆ ಬಾಣದಂತೆ ಓಡಿದರು. "ಬಸ್ಸಿನ ತನಕ ಕಳಿಸಿ ಬರ್ತೀನಿ" ಎಂದು ಬೀಗರೂ ಹಿಂದೆಯೇ ಹೋದರು.

ಅಕ್ಕಾರು ಅವರಿಬ್ಬರ ಬೆನ್ನು ನೋಡುತ್ತ ನಿಂತು, ಆಮೇಲೆ ನನ್ನ ಬರಿಗೊರಳ ಕಡೆ ತಿರುಗಿದರು.

"ಇವರು ಮೊದಲ ಹಿಂಗ ಓಡಿದ್ರ, ಮಾಸ್ತರ, ನಿಮಗೂ ಒಂದು ಸಿಗ್ತಿತ್ತು."